ಮಜ್ದಾ: ಹಟ ಹಿಡಿದ ಊರಿನ ಕಾರು

ಮಜ್ದಾ ಅನ್ನೋ ಹೆಸರು ನಮ್ಮ ಕಡೆ ಗೊತ್ತಿರೋದು ಒಂದೇ ಕಾರಣಕ್ಕೆ, ಸ್ವರಾಜ್ ಮಜ್ದಾ. ಸ್ಕೂಲಿನ ಹಳದಿ ವ್ಯಾನು, ಮದುವೆ ದಿಬ್ಬಣದ ಮಿನಿ ಬಸ್ಸು, ಟೊಮೆಟೊ ಕ್ರೇಟು ತುಂಬಿಕೊಂಡು ಮಾರ್ಕೆಟ್ಟಿಗೆ ಓಡೋ ಪುಟ್ಟ ಲಾರಿ. ಎಂಬತ್ತರ ದಶಕದಲ್ಲಿ ಜಪಾನಿನ ನಾಲ್ಕು ಕಂಪೆನಿಗಳು ನಮ್ಮವರ ಕೈ ಹಿಡಿದು ಸಣ್ಣ ಲಾರಿ ಮಾಡೋಕೆ ಬಂದವು: ಡಿಸಿಎಂ ಟೊಯೋಟಾ, ಆಲ್ವಿನ್ ನಿಸಾನ್, ಐಷರ್ ಮಿತ್ಸುಬಿಷಿ ಮತ್ತು ಪಂಜಾಬಿನ ಈ ಸ್ವರಾಜ್ ಮಜ್ದಾ. ಆಮೇಲೆ ಮಜ್ದಾ ಹೋಗಿ ಇಸುಜು ಬಂತು, ಹೆಸರೂ ಬದಲಾಯ್ತು. ಆದ್ರೆ ಜನರ ಬಾಯಲ್ಲಿ ಮಾತ್ರ ಆ ಗಾತ್ರದ ಬಸ್ಸು ಇವತ್ತಿಗೂ 'ಮಜ್ದಾ'ನೇ.

ಮಜ್ದಾ ಕಂಪೆನಿಯ ಕಾರುಗಳು ಮಾತ್ರ ಭಾರತದ ಶೋರೂಮಿಗೆ ಬರಲೇ ಇಲ್ಲ. ಫೋರ್ಡ್ ಎಂಡೆವರ್ ಅಂತ ಬಂತಲ್ಲ, ಅದರ ಮೊದಲ ತಲೆಮಾರಿನ ಅಡಿಪಾಯ ಮಜ್ದಾದ ಪಿಕಪ್ ಕುಲದ್ದು. ಅಷ್ಟು ಬಿಟ್ಟರೆ ನಮ್ಮವರು ಮಜ್ದಾ ಕಾರು ಓಡಿಸಬೇಕು ಅಂದ್ರೆ ಸಿಡ್ನಿಗೋ ಡಲ್ಲಾಸಿಗೋ ದುಬೈಗೋ ಹೋಗಬೇಕು. ಹಾಗಾಗಿ ಈ ಕಂಪೆನಿಯ ಕಥೆಯೂ ನಮ್ಮವರೆಗೆ ಸರಿಯಾಗಿ ಬಂದಿಲ್ಲ. ಟೊಯೋಟಾ, ಹೋಂಡಾಗಳ ಕಥೆ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲಿ ಬರುತ್ತೆ, ಗೆದ್ದವರ ಕಥೆ ಅದು. ಮಜ್ದಾದ್ದು ಹಾಗಲ್ಲ. ಮೂರು ನಾಲ್ಕು ಸಲ ಮುಳುಗಿ, ಮುಳುಗೋ ಹೊತ್ತಲ್ಲೂ ತನ್ನ ಹಟ ಬಿಡದವರ ಕಥೆ. ಆ ಹಟಕ್ಕೆ ಬೆಲೆ ಕೊಟ್ಟವರು ಯಾರು ಅನ್ನೋದೇ ಇಲ್ಲಿ ಯೋಚಿಸಬೇಕಾದ ವಿಷಯ.

ಶುರುವಾಗಿದ್ದು ಕಾರಿನಿಂದಲ್ಲ, ಬಿರಡೆಯಿಂದ. 1920ರಲ್ಲಿ ಹಿರೋಶಿಮಾದಲ್ಲಿ 'ತೋಯೋ ಕಾರ್ಕ್ ಕೋಗ್ಯೋ' ಅಂತ ಒಂದು ಕಂಪೆನಿ ಹುಟ್ಟಿತು. ಬಾಟಲಿಗೆ ಹಾಕ್ತೀವಲ್ಲ, ಆ ಕಾರ್ಕನ್ನು ಮರದ ತೊಗಟೆಯಿಂದ ಮಾಡೋ ಕಂಪೆನಿ. ಮರುವರ್ಷ ಅದರ ಚುಕ್ಕಾಣಿ ಹಿಡಿದವನು ಜುಜಿರೋ ಮಾತ್ಸುದಾ. ಮೀನುಗಾರರ ಮನೆಯ ಕಿರಿಯ ಮಗ, ಚಿಕ್ಕ ವಯಸ್ಸಿಗೇ ಅಪ್ಪನನ್ನು ಕಳೆದುಕೊಂಡವನು, ಹದಿಹರೆಯದಲ್ಲೇ ಒಸಾಕಾಗೆ ಹೋಗಿ ಕಮ್ಮಾರಿಕೆ ಕಲಿತವನು. ಕಬ್ಬಿಣ ಬಡಿದ ಕೈಗೆ ಬಿರಡೆ ಕೆಲಸ ಎಲ್ಲಿ ರುಚಿಸುತ್ತೆ? 1927ರಲ್ಲಿ ಹೆಸರಿನಿಂದ 'ಕಾರ್ಕ್' ತೆಗೆದುಹಾಕಿ ಬರೀ ತೋಯೋ ಕೋಗ್ಯೋ ಅಂತ ಮಾಡಿ ಯಂತ್ರಗಳ ಕಡೆ ತಿರುಗಿದ.

1931ರಲ್ಲಿ ಮೊದಲ ವಾಹನ ಹೊರಗೆ ಬಂತು, 'ಮಜ್ದಾ ಗೋ'. ಮೂರು ಚಕ್ರದ ಸರಕಿನ ಗಾಡಿ. ಮುಂದೆ ಮೋಟಾರ್ ಸೈಕಲ್ಲು, ಹಿಂದೆ ಎತ್ತಿನ ಗಾಡಿಯ ತೊಟ್ಟಿ ಜೋಡಿಸಿದ ಹಾಗೆ. ನಮ್ಮ ಲಗೇಜ್ ಆಟೋದ ದೊಡ್ಡಪ್ಪ ಅನ್ನಿ. 482 ಸಿಸಿ ಎಂಜಿನ್ನು, ರಿವರ್ಸ್ ಗೇರೂ ಇತ್ತು. 1936ರಲ್ಲಿ ಇಂಥ ಗಾಡಿಗಳನ್ನು ಜಪಾನಿನ ದಕ್ಷಿಣದ ಕಾಗೋಶಿಮಾದಿಂದ ಟೋಕಿಯೋವರೆಗೆ ಸುಮಾರು 2,700 ಕಿ.ಮೀ. ಓಡಿಸಿ ಪ್ರಚಾರ ಮಾಡಿದರು. ಆ ಕಾಲದ ರಸ್ತೆಯಲ್ಲಿ!

ಹೆಸರಿನ ಕಥೆಯೂ ಚೆನ್ನಾಗಿದೆ. ಮಜ್ದಾ ಅಂದ್ರೆ ನಮ್ಮ ಪಾರ್ಸಿಗಳ ದೇವರು ಅಹುರ ಮಜ್ದಾ, ಜ್ಞಾನದ, ಬೆಳಕಿನ ದೇವರು. ಮಾಲೀಕನ ಹೆಸರು ಮಾತ್ಸುದಾ. ಎರಡೂ ಕಿವಿಗೆ ಹತ್ತಿರ. ದೇವರ ಹೆಸರೂ ಆಯ್ತು, ಮನೆಯ ಹೆಸರೂ ಆಯ್ತು. ಕಂಪೆನಿಯ ಅಧಿಕೃತ ಹೆಸರು ಮಾತ್ರ 1984ರವರೆಗೂ ತೋಯೋ ಕೋಗ್ಯೋ ಅಂತಲೇ ಇತ್ತು.

ಇನ್ನು 1945ರ ಆಗಸ್ಟ್ 6. ಹಿರೋಶಿಮಾ ಅಂದ ಮೇಲೆ ಆ ದಿನಕ್ಕೆ ಬರಲೇಬೇಕು. ಅವತ್ತು ಜುಜಿರೋ ಮಾತ್ಸುದಾನ ಎಪ್ಪತ್ತನೇ ಹುಟ್ಟುಹಬ್ಬ. ಬೆಳಿಗ್ಗೆ ಬೇಗ ಎದ್ದು, ನಗರದ ನಡುವಿನ ಕ್ಷೌರದಂಗಡಿಗೆ ಮೊದಲ ಗಿರಾಕಿಯಾಗಿ ಹೋಗಿ, ಕೂದಲು ಕತ್ತರಿಸಿಕೊಂಡು ಕಾರು ಹತ್ತಿ ಹೊರಟಿದ್ದನಂತೆ. 8 ಗಂಟೆ 15 ನಿಮಿಷಕ್ಕೆ ಬಾಂಬು ಬಿತ್ತು. ಇನ್ನೊಂದಿಷ್ಟು ಹೊತ್ತು ಅಲ್ಲೇ ಕೂತಿದ್ದರೆ ಅವನ ಕಥೆ ಅಲ್ಲಿಗೇ ಮುಗೀತಿತ್ತು. ಕಾರ್ಖಾನೆ ಇದ್ದದ್ದು ಊರಾಚೆಯ ಫುಚೂನಲ್ಲಿ, ಬಾಂಬು ಬಿದ್ದ ಜಾಗದಿಂದ ಸುಮಾರು 5 ಕಿ.ಮೀ. ದೂರ. ನಡುವೆ ಹಿಜಿಯಾಮಾ ಅನ್ನೋ ಒಂದು ಸಣ್ಣ ಗುಡ್ಡ. ಆ ಗುಡ್ಡ ಅಡ್ಡ ಬಂದಿದ್ದರಿಂದ ಗಾಜು, ಚಾವಣಿ ಹಾರಿದರೂ ಕಟ್ಟಡಗಳು ನಿಂತವು. ಆ ದಿನ ನಗರದೊಳಗೆ ಇದ್ದ ನೌಕರರಲ್ಲಿ ಬಹಳ ಜನ ವಾಪಸ್ ಬರಲಿಲ್ಲ. ವರ್ಷದ ಕೊನೆಯ ಹೊತ್ತಿಗೆ ಊರಲ್ಲಿ ಸತ್ತವರ ಸಂಖ್ಯೆ ಸುಮಾರು 1 ಲಕ್ಷ 40 ಸಾವಿರ.

ಇಲ್ಲೊಂದು ಮಾತು ಹೇಳಲೇಬೇಕು. ಯುದ್ಧದ ಕಾಲದಲ್ಲಿ ಇದೇ ಕಾರ್ಖಾನೆ ಜಪಾನಿ ಸೇನೆಗೆ ರೈಫಲ್ಲು ಮಾಡಿಕೊಟ್ಟಿತ್ತು. ಇದನ್ನು ಬಿಟ್ಟು ಬರೀ 'ಬೂದಿಯಿಂದ ಎದ್ದ ಕಂಪೆನಿ' ಅಂತ ಬರೆದರೆ ಅದು ಜಾಹೀರಾತಾಗುತ್ತೆ, ಚರಿತ್ರೆ ಆಗಲ್ಲ. ಆದರೆ ಬಾಂಬಿನ ನಂತರ ಅಲ್ಲಿ ನಡೆದದ್ದೂ ಚರಿತ್ರೆಯೇ. ಉಳಿದ ಕಟ್ಟಡಗಳಲ್ಲಿ ಗಾಯಾಳುಗಳಿಗೆ ಜಾಗ ಕೊಟ್ಟರು. ಹಿರೋಶಿಮಾ ಪ್ರಾಂತ್ಯದ ಆಡಳಿತ ಕಚೇರಿಯೇ ಸುಟ್ಟುಹೋಗಿತ್ತಲ್ಲ, ಅದು ಆಗಸ್ಟ್ 20ರಂದು ಈ ಕಾರ್ಖಾನೆಗೆ ಬಂದು ಕೂತಿತು. ಮುಂದಿನ ವರ್ಷದ ಜುಲೈವರೆಗೂ ಪ್ರಾಂತ್ಯದ ಸರ್ಕಾರ ನಡೆದದ್ದು ಗಾಡಿ ಕಂಪೆನಿಯ ಕೋಣೆಗಳಿಂದ. ಡಿಸೆಂಬರ್ ಹೊತ್ತಿಗೆ ಮೂರು ಚಕ್ರದ ಗಾಡಿ ಮತ್ತೆ ತಯಾರಾಗೋಕೆ ಶುರುವಾಯ್ತು. ಸುಟ್ಟ ಊರು ಕಟ್ಟೋಕೆ ಇಟ್ಟಿಗೆ, ಮರ ಸಾಗಿಸಬೇಕು, ಅದಕ್ಕೆ ಗಾಡಿ ಬೇಕು.

ಅಂದಿನಿಂದ ಊರಿಗೂ ಕಂಪೆನಿಗೂ ಒಂದು ನಂಟು ಬೆಳೀತು. ಹಿರೋಶಿಮಾದ ಬೇಸ್‌ಬಾಲ್ ತಂಡ 'ಕಾರ್ಪ್' 1950ರಲ್ಲಿ ಆಡೋಕೆ ಶುರು ಮಾಡಿತು. ದೊಡ್ಡ ಕಂಪೆನಿ ಯಾವುದೂ ಹಿಂದೆ ಇರಲಿಲ್ಲ, ಸಂಬಳಕ್ಕೂ ದುಡ್ಡಿಲ್ಲದೆ ಸ್ಟೇಡಿಯಮ್ಮಿನ ಮುಂದೆ ಪೀಪಾಯಿ ಇಟ್ಟು ಜನರಿಂದ ಚಿಲ್ಲರೆ ಎತ್ತಿ ನಡೆಸಿದ ತಂಡ ಅದು. ಮುಂದೆ ಅದನ್ನು ಎತ್ತಿ ನಿಲ್ಲಿಸಿದವರು ಮಾತ್ಸುದಾ ಮನೆಯವರು. ಇವತ್ತಿಗೂ ಆ ತಂಡದ ಹೆಸರು ಹಿರೋಶಿಮಾ ತೋಯೋ ಕಾರ್ಪ್. ಆ 'ತೋಯೋ' ಬಂದಿದ್ದು ಈ ಕಂಪೆನಿಯಿಂದ.

ಈಗ ಹಟದ ವಿಷಯಕ್ಕೆ ಬರೋಣ. ಜುಜಿರೋ 1952ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಮಗ ತ್ಸುನೇಜಿ ಅಧ್ಯಕ್ಷನಾಗಿದ್ದ. 1960ರಲ್ಲಿ ಕಂಪೆನಿಯ ಮೊದಲ ಕಾರು ಬಂತು, ಆರ್360 ಅನ್ನೋ ಪುಟಾಣಿ. ಅದೇ ಹೊತ್ತಿಗೆ ಜಪಾನ್ ಸರ್ಕಾರಕ್ಕೆ ಒಂದು ಯೋಚನೆ ಬಂತು: ನಮ್ಮಲ್ಲಿ ಕಾರು ಕಂಪೆನಿ ಜಾಸ್ತಿ ಆಯ್ತು, ನಾಳೆ ಅಮೆರಿಕದವರು ಬಂದರೆ ಎಲ್ಲ ಹೋಗ್ತಾವೆ, ಸಣ್ಣವು ದೊಡ್ಡವುಗಳ ಜೊತೆ ಸೇರಿಕೊಳ್ಳಲಿ. ತ್ಸುನೇಜಿಗೆ ನಿದ್ದೆ ಹಾರಿಹೋಯ್ತು. ನಿನ್ನೆ ಮೊನ್ನೆ ಕಾರು ಮಾಡೋಕೆ ಶುರು ಮಾಡಿದ ಹಿರೋಶಿಮಾದ ಕಂಪೆನಿಯನ್ನು ಯಾರು ಉಳಿಸ್ತಾರೆ? ಉಳೀಬೇಕು ಅಂದ್ರೆ ಬೇರೆ ಯಾರ ಹತ್ತಿರವೂ ಇಲ್ಲದ್ದು ತನ್ನ ಹತ್ತಿರ ಇರಬೇಕು. ಜರ್ಮನಿಯಲ್ಲಿ ಫೆಲಿಕ್ಸ್ ವಾಂಕೆಲ್ ಎಂಬಾತ ಎನ್‌ಎಸ್‌ಯು ಕಂಪೆನಿಗಾಗಿ ಹೊಸ ಬಗೆಯ ಎಂಜಿನ್ನು ಮಾಡಿದ್ದ, ರೋಟರಿ ಎಂಜಿನ್ನು. 1961ರಲ್ಲಿ ತ್ಸುನೇಜಿ ಅದರ ಲೈಸೆನ್ಸ್ ತಂದ.

ರೋಟರಿ ಅಂದ್ರೆ ಏನು? ನಮ್ಮ ಅಡುಗೆಮನೆಯ ಲೆಕ್ಕದಲ್ಲೇ ಹೇಳ್ತೀನಿ. ಮಾಮೂಲಿ ಎಂಜಿನ್ನು ಒನಕೆ ಇದ್ದ ಹಾಗೆ. ಪಿಸ್ಟನ್ನು ಮೇಲೆ ಹೋಗುತ್ತೆ, ನಿಲ್ಲುತ್ತೆ, ಕೆಳಗೆ ಬರುತ್ತೆ, ನಿಲ್ಲುತ್ತೆ. ಆ ಕುಟ್ಟಾಟವನ್ನು ಆಮೇಲೆ ತಿರುಗಾಟವಾಗಿ ಬದಲಾಯಿಸಬೇಕು. ರೋಟರಿ ರುಬ್ಬುಗುಂಡು ಇದ್ದ ಹಾಗೆ. ಎಂಟರ ಆಕಾರಕ್ಕೆ ಹತ್ತಿರದ ಒಂದು ಗೂಡು, ಅದರೊಳಗೆ ಮೂರು ಮೂಲೆಯ ಒಂದು ದಿಂಡು ಸುತ್ತುತ್ತಲೇ ಇರುತ್ತೆ. ಸುತ್ತುವಾಗ ಗೋಡೆಗೂ ಅದಕ್ಕೂ ನಡುವಿನ ಜಾಗ ಹಿಗ್ಗುತ್ತೆ, ಕುಗ್ಗುತ್ತೆ. ಅಲ್ಲೇ ಪೆಟ್ರೋಲು ಬಂದು, ಒತ್ತಿಸಿಕೊಂಡು, ಉರಿದು, ಹೊಗೆಯಾಗಿ ಹೋಗುತ್ತೆ. ವಾಲ್ವ್ ಬೇಡ, ಭಾಗಗಳು ಕಡಿಮೆ, ನಡುಕ ಇಲ್ಲ, ಚಿಕ್ಕದು, ಹಗುರ.

ಕೇಳೋಕೆ ಚೆಂದ. ತೊಂದರೆ ಇರೋದು ಆ ಮೂರು ಮೂಲೆಗಳಲ್ಲಿ. ಪ್ರತಿ ತುದಿಯಲ್ಲೂ ಒಂದು ಸೀಲ್ ಗೋಡೆಗೆ ಒತ್ತಿಕೊಂಡೇ ಓಡಬೇಕು, ಇಲ್ಲದಿದ್ದರೆ ಅನಿಲ ಸೋರುತ್ತೆ. ಹಾಗೆ ಒತ್ತಿಕೊಂಡು ಓಡುವಾಗ ಅದು ನಡುಗಿ ಗೋಡೆಯ ಮೇಲೆ ಅಡ್ಡಡ್ಡ ಗೀರು ಹಾಕಿಬಿಡುತ್ತಿತ್ತು. ಎಂಜಿನಿಯರುಗಳು ಅದಕ್ಕೆ ಕೊಟ್ಟ ಹೆಸರು 'ದೆವ್ವದ ಉಗುರಿನ ಗೀರು'. ಸಾಲದ್ದಕ್ಕೆ ಆಯಿಲ್ಲು ಒಳಗೆ ಸೋರಿ ಬಿಳಿ ಹೊಗೆ. 1963ರಲ್ಲಿ ಕೆನಿಚಿ ಯಾಮಾಮೊತೋ ಎಂಬ ಎಂಜಿನಿಯರಿನ ಕೈಕೆಳಗೆ ಬೇರೆಯೇ ವಿಭಾಗ ಮಾಡಿದರು. ಯುದ್ಧ ಮುಗಿದ ಮೇಲೆ ಇದೇ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಜೋಡಿಸೋ ಕೂಲಿಯವನಾಗಿ ಸೇರಿದ್ದವನು ಆತ. ತಂಡದಲ್ಲಿ ಒಟ್ಟು 47 ಜನ. ಜಪಾನಿನಲ್ಲಿ 47 ಅಂದ ಕೂಡಲೇ ಒಡೆಯನಿಗಾಗಿ ಪ್ರಾಣ ಕೊಟ್ಟ 47 ಸಮುರಾಯ್‌ಗಳ ಕಥೆ ನೆನಪಾಗುತ್ತೆ, ಇವರಿಗೂ ಅದೇ ಹೆಸರು ಅಂಟಿಕೊಂಡಿತು. ಸೀಲ್ ಮಾಡೋಕೆ ಏನೇನೋ ಪ್ರಯತ್ನಿಸಿದರು, ದನದ ಮೂಳೆಯನ್ನೂ ಬಿಡಲಿಲ್ಲ ಅಂತಾರೆ. ಕೊನೆಗೆ ಇಂಗಾಲಕ್ಕೆ ಅಲ್ಯೂಮಿನಿಯಂ ಇಳಿಸಿದ ಒಂದು ವಸ್ತು ಕೈಹಿಡೀತು.

1967ರ ಮೇ 30ರಂದು 'ಕಾಸ್ಮೋ ಸ್ಪೋರ್ಟ್' ಬಿಡುಗಡೆಯಾಯ್ತು. ಎರಡು ರೋಟರ್, ಒಂದೊಂದು 491 ಸಿಸಿ, 110 ಅಶ್ವಶಕ್ತಿ. ಮರುವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ 84 ಗಂಟೆಗಳ ಓಟದಲ್ಲಿ ಒಂದು ಕಾಸ್ಮೋ ನಾಲ್ಕನೇ ಸ್ಥಾನ ಪಡೀತು. ರೋಟರಿ ಹುಟ್ಟಿಸಿದ ಎನ್‌ಎಸ್‌ಯು ಗತಿ ಏನಾಯ್ತು ಗೊತ್ತಾ? ಅದೂ 1967ರಲ್ಲೇ ರೋ 80 ಅನ್ನೋ ಸುಂದರ ಕಾರು ತಂದಿತು. ಸೀಲು ಸವೆದು ಎಂಜಿನ್ನುಗಳು ಸಾಲುಸಾಲಾಗಿ ಹೋದವು, ವಾರಂಟಿಯಲ್ಲಿ ಬದಲಾಯಿಸಿ ಬದಲಾಯಿಸಿ ಕಂಪೆನಿ ಸೊರಗಿತು, 1969ರಲ್ಲಿ ಫೋಕ್ಸ್‌ವ್ಯಾಗನ್ನಿನ ಹೊಟ್ಟೆ ಸೇರಿತು. ಜನರಲ್ ಮೋಟಾರ್ಸೂ ಲೈಸೆನ್ಸ್ ಕೊಂಡು, ಕೆಲ ವರ್ಷ ತಿಣುಕಿ, ಕೈಬಿಟ್ಟಿತು.

ಹಿರೋಶಿಮಾದವರು ಬಿಡಲಿಲ್ಲ. ಬಿಡದೇ ಇದ್ದದ್ದಕ್ಕೆ ಪೆಟ್ಟೂ ತಿಂದರು. 1973ರಲ್ಲಿ ತೈಲ ಬಿಕ್ಕಟ್ಟು ಬಂತು. ರೋಟರಿ ಪೆಟ್ರೋಲು ಕುಡಿಯೋದರಲ್ಲಿ ಎತ್ತಿದ ಕೈ. ಅಮೆರಿಕದ ಪರಿಸರ ಸಂಸ್ಥೆ ಅಳೆದು ನಗರದಲ್ಲಿ ಗ್ಯಾಲನ್ನಿಗೆ 10-11 ಮೈಲಿ ಅಂದಿತು, ನಮ್ಮ ಲೆಕ್ಕದಲ್ಲಿ ಲೀಟರಿಗೆ ನಾಲ್ಕೂವರೆ ಕಿ.ಮೀ.! ಕಾರುಗಳು ಅಂಗಳದಲ್ಲೇ ನಿಂತವು. ಸುಮಿತೋಮೋ ಬ್ಯಾಂಕು ಬಂದು ಲೆಕ್ಕದ ಪುಸ್ತಕ ಹಿಡಿದು ಕೂತಿತು. ಕಾರ್ಖಾನೆಯ ಕಾರ್ಮಿಕರನ್ನು ಸಾವಿರಗಟ್ಟಲೆ ಡೀಲರುಗಳ ಹತ್ತಿರ ಕಳಿಸಿದರು, ಹೋಗಿ ಕಾರು ಮಾರಿ ಅಂತ. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದ ಮನುಷ್ಯ ಟೈ ಕಟ್ಟಿಕೊಂಡು ಗೊತ್ತಿಲ್ಲದ ಊರಲ್ಲಿ ಮನೆಮನೆ ಬಾಗಿಲು ತಟ್ಟೋದನ್ನು ಯೋಚನೆ ಮಾಡಿ. 1977ರಲ್ಲಿ ಮಾತ್ಸುದಾ ಮನೆತನದ ಅಧ್ಯಕ್ಷಗಿರಿ ಮುಗೀತು, 1979ರಲ್ಲಿ ಫೋರ್ಡ್ ಕಾಲು ಭಾಗದ ಪಾಲು ತಗೊಂಡಿತು. ಹಟ ಹಿಡಿದವರು ಎಂಜಿನಿಯರುಗಳು, ಚಪ್ಪಲಿ ಸವೆಸಿದವರು ಕಾರ್ಮಿಕರು. ಈ ಮಾತು ಕಂಪೆನಿಯ ಹೊಗಳಿಕೆಯ ಕಥೆಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ.

ಹಾಗಂತ ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ. ಪೆಟ್ರೋಲು ಖರ್ಚು 40 ಪರ್ಸೆಂಟ್ ಇಳಿಸ್ತೀವಿ ಅಂತ ಶಪಥ ಮಾಡಿ ಕೆಲಸಕ್ಕೆ ಇಳಿದರು. ಅದರ ಫಲವಾಗಿ 1978ರಲ್ಲಿ ಆರ್‌ಎಕ್ಸ್-7 ಬಂತು. 2002ರವರೆಗೆ ಎಂಟು ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು ಅದು. 1991ರ ಜೂನ್‌ನಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆ ಓಟದಲ್ಲಿ ಕಿತ್ತಳೆ-ಹಸಿರು ಬಣ್ಣದ 55ನೇ ನಂಬರಿನ 787ಬಿ ಕಾರು ಗೆದ್ದಿತು. ನಾಲ್ಕು ರೋಟರಿನ ಎಂಜಿನ್ನು, ಕಿವಿ ಸೀಳೋ ಶಬ್ದ. ಮುಂದಿದ್ದ ಮರ್ಸಿಡಿಸ್ ಕೊನೆಯ ಮೂರು ಗಂಟೆ ಇರುವಾಗ ಕೆಟ್ಟು ನಿಂತಿತು, ಮಜ್ದಾ ಓಡುತ್ತಲೇ ಇತ್ತು. ಕೊನೆಯ ಪಾಳಿಯಲ್ಲಿ ಓಡಿಸಿದ ಜಾನಿ ಹರ್ಬರ್ಟ್ ಸುಸ್ತಾಗಿ ಕುಸಿದು ಬಹುಮಾನದ ವೇದಿಕೆ ಹತ್ತಲೂ ಆಗಲಿಲ್ಲ. ಜಪಾನಿನ ಕಂಪೆನಿಯೊಂದು ಲ ಮಾನ್ ಗೆದ್ದಿದ್ದು ಅದೇ ಮೊದಲು. ಟೊಯೋಟಾಗೆ ಆ ಭಾಗ್ಯ ಬರೋಕೆ 2018 ಆಗಬೇಕಾಯ್ತು.

ಇನ್ನು ಕಾರು ಕೊಂಡವರ ಮಾತು ಕೇಳೋಣ. ರೋಟರಿ ಇಟ್ಟುಕೊಂಡವರು ಒಂದು ಥರ ಆನೆ ಸಾಕಿದವರ ಹಾಗೆ. ಹೊಗಳೋಕೆ ಶುರು ಮಾಡಿದರೆ ನಿಲ್ಲಿಸಲ್ಲ: ಎಷ್ಟು ತಿರುಗಿಸಿದರೂ ನಡುಕ ಇಲ್ಲ, ಸೂಜಿ ಕೆಂಪು ಗೆರೆ ಮುಟ್ಟಿದ್ದೂ ಗೊತ್ತಾಗಲ್ಲ, ಅದಕ್ಕೇ ಕಂಪೆನಿಯವರು ಬಜರ್ ಇಟ್ಟಿದಾರೆ, ಅಂತ. ಆಮೇಲೆ ನಿಧಾನಕ್ಕೆ ಖರ್ಚಿನ ಪಟ್ಟಿ ಬಿಚ್ಚುತ್ತಾರೆ. ಆಯಿಲ್ಲು ಉರಿಸೋದು ಅದರ ಸ್ವಭಾವ, ಆಗಾಗ ಅಳೆದು ಸುರಿಯುತ್ತಿರಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ತಕ್ಷಣ ಆಫ್ ಮಾಡಿದರೆ ಪೆಟ್ರೋಲು ತುಂಬಿಕೊಂಡು ಮತ್ತೆ ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ. ಹಳೇದು ಕೊಳ್ಳುವ ಮುಂಚೆ ಕಂಪ್ರೆಶನ್ ಪರೀಕ್ಷೆ ಮಾಡಿಸದೆ ಇದ್ದರೆ ದೇವರೇ ಗತಿ. 2003ರಿಂದ 2012ರವರೆಗೆ ಬಂದ ಆರ್‌ಎಕ್ಸ್-8ರ ಎಂಜಿನ್ನು ದೂರುಗಳು ಜಾಸ್ತಿಯಾಗಿ ಅಮೆರಿಕದಲ್ಲಿ ಕಂಪೆನಿ ವಾರಂಟಿಯನ್ನೇ ಉದ್ದ ಮಾಡಿತು. ಇಷ್ಟೆಲ್ಲ ಆದರೂ ಮಾರ್ತೀರಾ ಅಂದರೆ ಎಷ್ಟೋ ಜನ ಇಲ್ಲ ಅಂತಲೇ ಹೇಳ್ತಾರೆ.

ಇನ್ನೊಂದು ಗುಂಪು ಎಂಎಕ್ಸ್-5ನವರದ್ದು. 1989ರಲ್ಲಿ ಬಂದ ಎರಡು ಸೀಟಿನ, ಮೇಲ್ಛಾವಣಿ ಮಡಚೋ ಪುಟ್ಟ ಕಾರು. ಇದರಲ್ಲಿ ರೋಟರಿ ಇಲ್ಲ, ಸಾದಾ ಒನಕೆ ಎಂಜಿನ್ನೇ. ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತ ಯಾಮಾಮೊತೋಗೆ ಹತ್ತು ವರ್ಷ ಮೊದಲೇ ಇಂಥದ್ದೊಂದು ಮಾಡಿ ಅಂತ ಹೇಳಿದ್ದ. ಸವಾರನೂ ಕುದುರೆಯೂ ಒಂದಾಗೋದು ಅನ್ನೋ ಜಪಾನಿ ಮಾತನ್ನು ಗುರಿಯಾಗಿಟ್ಟುಕೊಂಡು ಮಾಡಿದ ಕಾರು ಇದು. 2016ರಲ್ಲಿ ಹತ್ತು ಲಕ್ಷ ದಾಟಿತು. ಇದರ ಮಾಲೀಕರ ದೂರು ಒಂದೇ, ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯೋ ದೇಶಗಳಲ್ಲಿ ಬಾಗಿಲ ಕೆಳಗಿನ ತಗಡು ಸದ್ದಿಲ್ಲದೆ ತಿಂದುಹೋಗಿರುತ್ತೆ. ಈ ತುಕ್ಕಿನ ಅಪಖ್ಯಾತಿ ಮಜ್ದಾದ ಬೇರೆ ಹಳೆ ಕಾರುಗಳಿಗೂ ಇದೆ.

ಮೂರನೇ ಗುಂಪು ದೊಡ್ಡದು: ಮಜ್ದಾ3, ಸಿಎಕ್ಸ್-5 ಕೊಂಡ ಸಂಸಾರಸ್ಥರು. ಹೊರದೇಶದಲ್ಲಿರೋ ನಮ್ಮವರೂ ಈ ಗುಂಪಿನವರೇ. 2008ರಲ್ಲಿ ಫೋರ್ಡ್ ತನ್ನ ಪಾಲಿನ ಬಹುಭಾಗ ಮಾರಿಕೊಂಡು ಹೊರಟಾಗ ಮಜ್ದಾ ಮತ್ತೆ ಒಂಟಿ. ಎಲ್ಲರೂ ಹೈಬ್ರಿಡ್ಡು, ಬ್ಯಾಟರಿ ಅಂತ ಓಡ್ತಿದ್ದಾಗ ಇವರು ಮಾಮೂಲಿ ಎಂಜಿನ್ನನ್ನೇ ಮತ್ತೆ ಮೊದಲಿಂದ ಯೋಚಿಸಿ 'ಸ್ಕೈಆಕ್ಟಿವ್' ಅಂತ ಮಾಡಿದರು. ಅದರಿಂದ ಕಂಪೆನಿ ಬದುಕಿತು. ಸ್ಟಿಯರಿಂಗು ಮಾತಾಡುತ್ತೆ, ಒಳಗಿನ ಕೆಲಸ ದುಬಾರಿ ಕಾರಿನ ಹಾಗಿದೆ, ಎಲ್ಲದಕ್ಕೂ ಟಚ್ ಸ್ಕ್ರೀನ್ ತಡಕಾಡೋ ಬದಲು ತಿರುಗಿಸೋ ಗುಂಡಿ ಇದೆ ಅನ್ನೋದು ಇವರ ಮೆಚ್ಚುಗೆ. ಹಿಂದಿನ ಸೀಟು ಇಕ್ಕಟ್ಟು, ರಸ್ತೆಯ ಸದ್ದು ಒಳಗೆ ಬರುತ್ತೆ ಅನ್ನೋದು ಗೊಣಗಾಟ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಮಾಲೀಕರನ್ನೇ ಕೇಳಿ ಮಾಡೋ ಸಮೀಕ್ಷೆಯಲ್ಲಿ 2020ರಲ್ಲಿ ನಂಬಿಕೆಗೆ ಅರ್ಹವಾದ ಬ್ರ್ಯಾಂಡುಗಳ ಪಟ್ಟಿಯಲ್ಲಿ ಮಜ್ದಾ ಮೊದಲನೇದು, ಟೊಯೋಟಾ ಲೆಕ್ಸಸ್‌ಗಳನ್ನೂ ಹಿಂದೆ ಹಾಕಿ.

ಇನ್ನೊಂದು ಮುಖವೂ ಇದೆ. ಆಸ್ಟ್ರೇಲಿಯಾದಲ್ಲಿ ಕೆಟ್ಟ ಕಾರುಗಳನ್ನು ಮತ್ತೆ ಮತ್ತೆ ರಿಪೇರಿಗೆ ಬಿಟ್ಟು ಬೇಸತ್ತ ಕೆಲವು ಗ್ರಾಹಕರಿಗೆ, ಹಣ ವಾಪಸ್ ಅಥವಾ ಬದಲಿ ಕಾರು ಪಡೆಯೋ ಹಕ್ಕಿನ ಬಗ್ಗೆ ತಪ್ಪು ಹೇಳಿದ್ದಕ್ಕೆ ಅಲ್ಲಿನ ಫೆಡರಲ್ ಕೋರ್ಟು ಮಜ್ದಾ ಆಸ್ಟ್ರೇಲಿಯಾಗೆ 1 ಕೋಟಿ 15 ಲಕ್ಷ ಡಾಲರ್ ದಂಡ ಹಾಕಿತು. ನಗು ಬರೋ ಪ್ರಸಂಗವೂ ಉಂಟು: 2011ರಲ್ಲಿ ಮಜ್ದಾ6 ಕಾರುಗಳನ್ನು ಅಮೆರಿಕದಲ್ಲಿ ವಾಪಸ್ ಕರೆಸಬೇಕಾಯ್ತು, ಕಾರಣ ಜೇಡ! ಪೆಟ್ರೋಲ್ ವಾಸನೆಗೆ ಮರುಳಾಗೋ ಒಂದು ಜಾತಿಯ ಜೇಡ ಟ್ಯಾಂಕಿನ ಗಾಳಿಯ ಕೊಳವೆಯಲ್ಲಿ ಬಲೆ ಕಟ್ಟುತ್ತಿತ್ತು. ಎಂಜಿನಿಯರುಗಳು ಎಷ್ಟು ಲೆಕ್ಕ ಹಾಕಿದರೂ ಜೇಡದ ಲೆಕ್ಕ ಯಾರು ಹಾಕ್ತಾರೆ ಹೇಳಿ.

ಈಗ ಈ ಹಟವನ್ನು ಏನಂತ ಕರೆಯೋದು? ಲೆಕ್ಕದವರನ್ನು ಕೇಳಿದರೆ ಮೂರ್ಖತನ ಅಂತಾರೆ. ಆ ದುಡ್ಡನ್ನೆಲ್ಲ ಸಾದಾ ಎಂಜಿನ್ನಿಗೆ ಹಾಕಿದ್ದರೆ ಬ್ಯಾಂಕಿನವರು ಬರ್ತಾನೇ ಇರಲಿಲ್ಲ ಅನ್ನೋದು ಅವರ ವಾದ, ಅದರಲ್ಲಿ ಸತ್ಯ ಇದೆ. ಆದರೆ ಇನ್ನೊಂದು ಸತ್ಯವೂ ಇದೆ. ರೋಟರಿ ಇಲ್ಲದಿದ್ದರೆ ಅರವತ್ತರ ದಶಕದಲ್ಲೇ ಈ ಕಂಪೆನಿ ಯಾವುದೋ ದೊಡ್ಡ ಕಂಪೆನಿಯ ಒಂದು ಶಾಖೆ ಆಗಿಬಿಡಬಹುದಿತ್ತು. ಒಂದು ಸಣ್ಣ ಕಂಪೆನಿಗೆ ದೊಡ್ಡವರ ಹಾಗೆ ಬದುಕೋ ಅನುಕೂಲ ಇರಲ್ಲ. ಅದು ಬೇರೆಯಾಗಿರಬೇಕು, ಬೇರೆಯಾಗಿರೋದಕ್ಕೆ ಸುಂಕ ಕಟ್ಟಬೇಕು. ನನ್ನ ತಕರಾರು ಇಷ್ಟೇ: ಆ ಸುಂಕವನ್ನು ಊರೂರು ಅಲೆದ ಕಾರ್ಮಿಕನೂ, ಎಂಜಿನ್ನು ಬಿಚ್ಚಿಸಿದ ಗ್ರಾಹಕನೂ ಕಟ್ಟಿದ್ದಾರೆ. ಕಥೆ ಹೇಳುವಾಗ 47 ಸಮುರಾಯ್‌ಗಳ ಪಕ್ಕದಲ್ಲಿ ಅವರಿಗೂ ಒಂದು ಜಾಗ ಕೊಡಬೇಕು.

ಆರ್‌ಎಕ್ಸ್-8 ನಿಂತ ಮೇಲೆ ರೋಟರಿ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಯಾಮಾಮೊತೋ ಕೂಡ 2017ರ ಕೊನೆಯಲ್ಲಿ 95ನೇ ವಯಸ್ಸಿಗೆ ತೀರಿಕೊಂಡ. 2023ರಲ್ಲಿ ಎಂಎಕ್ಸ್-30 ಆರ್-ಇವಿ ಅಂತ ಒಂದು ಕಾರು ಬಂತು. ಚಕ್ರ ತಿರುಗಿಸೋದು ವಿದ್ಯುತ್ ಮೋಟಾರು. ಬ್ಯಾಟರಿ ಇಳಿದಾಗ ಚಾರ್ಜ್ ಮಾಡೋಕೆ ಅಂತ ಮೂಲೆಯಲ್ಲಿ ಒಂದು ಜನರೇಟರು. ಆ ಜನರೇಟರಿನೊಳಗೆ ಒಂಟಿ ರೋಟರು, 830 ಸಿಸಿ. ಚಿಕ್ಕದು, ಹಗುರ, ನಡುಕ ಇಲ್ಲ ಅಂತ ಅದನ್ನೇ ಆರಿಸಿದ್ದಾರೆ. ಹಳೇ ಆರ್‌ಎಕ್ಸ್-7 ಮಾಲೀಕರಲ್ಲಿ ಕೆಲವರು ಇದು ರೋಟರಿಗೆ ಮಾಡಿದ ಅವಮಾನ ಅಂತಾರೆ, ಚಕ್ರಕ್ಕೆ ಕೈಯೇ ಕೊಡದ ಎಂಜಿನ್ನು ಎಂಥದ್ದು ಅಂತ. ಇನ್ನು ಕೆಲವರು, ಇರಲಿ ಬಿಡ್ರೀ, ಹಿರೋಶಿಮಾದಲ್ಲಿ ಅದನ್ನು ಮಾಡೋ ಕೈಗಳು ಇನ್ನೂ ಇವೆಯಲ್ಲ, ಅಂತಾರೆ. ನನಗೆ ಎರಡನೆಯವರ ಮಾತೇ ಸರಿ ಅನ್ನಿಸುತ್ತೆ.